ದೇಶಭ್ರಷ್ಟ ಅಂದರೆ ಯಾವ ಭ್ರಷ್ಟ? ಕ್ಯೂಬಾದ ಕಾರ್ಲೋಸ್ ಪ್ರೀಯೊ ಬಗ್ಗೆ ಒಂದು ಚರ್ಚೆ

ಹಾಳೆಹುಳು ಸುಮಾ

ಎಲ್ಲರಿಗೂ ನಮಸ್ಕಾರ. ಎರಡು ತಿಂಗಳಿಂದ ಕ್ಯೂಬಾದ ಇತಿಹಾಸಕ್ಕೆ ಬಿದ್ದಿದ್ದೇನೆ. ಮನೆಯಲ್ಲಿ ಕೇಳುವವರೆಲ್ಲ ಸುಸ್ತಾಗಿದ್ದಾರೆ, ಹಾಗಾಗಿ ಇಲ್ಲಿಗೆ ಬಂದೆ. ನಮ್ಮಲ್ಲಿ ಕ್ಯೂಬಾ ಅಂದರೆ ಬತಿಸ್ತಾ ಓಡಿದ, ಕ್ಯಾಸ್ಟ್ರೊ ಬಂದ, ಮುಗಿಯಿತು. ಆ ಬತಿಸ್ತಾ ಯಾರನ್ನು ಎಬ್ಬಿಸಿ ಕುರ್ಚಿಯಲ್ಲಿ ಕೂತ ಎಂದು ಇಷ್ಟು ವರ್ಷ ನಾನೂ ಕೇಳಿಕೊಂಡಿರಲಿಲ್ಲ.

ಅವನ ಹೆಸರು ಕಾರ್ಲೋಸ್ ಪ್ರೀಯೊ ಸೊಕಾರ್ರಾಸ್. 1903ರಲ್ಲಿ ಪಿನಾರ್ ದೆಲ್ ರಿಯೊ ಪ್ರಾಂತ್ಯದ ಬಾಹಿಯಾ ಓಂದಾದಲ್ಲಿ ಹುಟ್ಟಿದ. ಹವಾನಾದಲ್ಲಿ ಕಾನೂನು ಓದುವಾಗ ಸರ್ವಾಧಿಕಾರಿ ಮಚಾದೊ ವಿರುದ್ಧ ಎದ್ದ ವಿದ್ಯಾರ್ಥಿಗಳಲ್ಲಿ ಮುಂದಿದ್ದ, ಜೈಲೂ ಕಂಡ. 1933ರ ಆಗಸ್ಟಿನಲ್ಲಿ ಮಚಾದೊ ದೇಶ ಬಿಟ್ಟ. ಸೆಪ್ಟೆಂಬರ್ 4ರಂದು ಹವಾನಾದ ಕೊಲಂಬಿಯಾ ಎಂಬ ದಂಡಿನಲ್ಲಿ, ಅಂದರೆ ಸೇನಾ ನೆಲೆಯಲ್ಲಿ, ಸಾರ್ಜೆಂಟ್‌ಗಳು ಮೇಲಧಿಕಾರಿಗಳ ವಿರುದ್ಧವೇ ತಿರುಗಿಬಿದ್ದರು. ಅವರ ಮುಂದಾಳು ಫುಲ್ಹೆನ್ಸಿಯೊ ಬತಿಸ್ತಾ, ಸೇನೆಯಲ್ಲಿ ಶೀಘ್ರಲಿಪಿ ಬರೆಯುತ್ತಿದ್ದ ಸಾರ್ಜೆಂಟ್. ವಿದ್ಯಾರ್ಥಿಗಳು ಆ ರಾತ್ರಿಯೇ ದಂಡಿಗೆ ಹೋಗಿ ಅವನ ಜೊತೆ ನಿಂತರು. ಅಂದು ಹೊರಬಿದ್ದ ಘೋಷಣೆಯಲ್ಲಿ ಬತಿಸ್ತಾನ ಹೆಸರಿದೆ, ಪ್ರೀಯೊನ ಹೆಸರೂ ಇದೆ. ಕೊಲಂಬಿಯಾ ಎಂಬ ಈ ದಂಡು ನೆನಪಿರಲಿ, ಮತ್ತೆ ಬರುತ್ತದೆ.

ನಂತರದ ಏರಿಕೆ ಬೇಗ ಹೇಳಿಬಿಡುತ್ತೇನೆ. ಗ್ರಾವ್ ಸಾನ್ ಮಾರ್ತಿನ್‌ನ ಆಥೆಂತಿಕೊ ಪಕ್ಷ, 1940ರ ಸಂವಿಧಾನ ಸಭೆಯ ಸದಸ್ಯತ್ವ, ಸೆನೆಟ್, ಗ್ರಾವ್ ಅಧ್ಯಕ್ಷನಾಗಿದ್ದಾಗ ಪ್ರಧಾನಿ ಹುದ್ದೆ, ಆಮೇಲೆ ಕಾರ್ಮಿಕ ಖಾತೆ. 1948ರ ಜೂನ್ 1ರ ಚುನಾವಣೆಯಲ್ಲಿ ಗೆದ್ದು ಅಕ್ಟೋಬರ್ 10ರಂದು ಅಧ್ಯಕ್ಷನಾದ. ಬತಿಸ್ತಾ ಆಗ ಫ್ಲಾರಿಡಾದ ಡೇಟೋನಾ ಬೀಚಿನಲ್ಲಿದ್ದ. ಅಲ್ಲಿ ಕೂತುಕೊಂಡೇ ಕ್ಯೂಬಾದ ಸೆನೆಟಿಗೆ ಆರಿಸಿ ಬಂದ. ಪ್ರೀಯೊ ಅವನನ್ನು ಊರಿಗೆ ಬರಗೊಟ್ಟ.

1952ರ ಜೂನ್ 1ಕ್ಕೆ ಮುಂದಿನ ಚುನಾವಣೆ. ಬತಿಸ್ತಾನೂ ಕಣದಲ್ಲಿದ್ದ, ಮೂರನೇ ಸ್ಥಾನದಲ್ಲಿ ಏಗುತ್ತಿದ್ದ. ಮಾರ್ಚ್ 10ರ ಬೆಳಗಿನ ಜಾವ ಅವನ ಕಾರು ಕೊಲಂಬಿಯಾ ದಂಡಿನ ಗೇಟು ದಾಟಿ ಒಳಹೋಯಿತು. ಬೆಳಗಾಗುವಷ್ಟರಲ್ಲಿ ಸರ್ಕಾರ ಅವನದು. ಪ್ರೀಯೊ ಮೆಕ್ಸಿಕೊ ರಾಯಭಾರ ಕಚೇರಿ ಸೇರಿ, ಅಲ್ಲಿಂದ ಮೆಕ್ಸಿಕೊ, ಅಲ್ಲಿಂದ ಮಯಾಮಿ. ಅದು ಮೊದಲ ಸಲ. 1956ರಲ್ಲಿ ಎರಡನೇ ಸಲ, 1961ರಲ್ಲಿ ಮೂರನೇ ಸಲ. ಮೂರನೆಯದರಿಂದ ಹಿಂದಿರುಗಲಿಲ್ಲ.

ನಮ್ಮ ಓದುಕೂಟಕ್ಕೆ ಒಂದು ಟಿಪ್ಪಣಿ ಬರೆದು "ದೇಶಭ್ರಷ್ಟ ಅಧ್ಯಕ್ಷ ಪ್ರೀಯೊ" ಅಂತ ಹಾಕಿದ್ದೆ. ಗೆಳತಿ ಓದಿ, "ಪಾಪ, ಕುರ್ಚಿ ಕಳಕೊಂಡವನನ್ನು ಭ್ರಷ್ಟ ಅಂತ ಯಾಕೆ ಬೈತೀಯೇ?" ಅಂದಳು. ಬೈದದ್ದಲ್ಲ ಎಂದು ಹೇಳಹೊರಟು ಅರ್ಧದಲ್ಲಿ ನಿಂತೆ. ಈ ಮನುಷ್ಯನ ವಿಷಯದಲ್ಲಿ ನನಗೇ ಖಾತ್ರಿಯಿಲ್ಲ. ನಿಮಗೇನನ್ನಿಸುತ್ತದೆ?

ಕಡಲತಡಿಯವ

ಎಂತ ಕಥೆ ಮಾರಾಯ್ರೆ ಇದು! ಊರಿಗೆ ಬರಗೊಟ್ಟವನನ್ನೇ ಊರು ಬಿಡಿಸಿದ್ದಾ? ಒಂದು ಡೌಟು ಉಂಟು. ಅಧ್ಯಕ್ಷ ಅಂದ ಮೇಲೆ ಸೈನ್ಯ, ಪೊಲೀಸ್, ರೇಡಿಯೊ ಎಲ್ಲ ಅವನ ಕೈಯಲ್ಲೇ ಇತ್ತಲ್ಲ. ಒಂದು ಬೆಳಗ್ಗೆ ಗೇಟು ದಾಟಿದ್ದಕ್ಕೆ ಎದ್ದು ಹೋಗುವುದು ಅಂದರೆ ಹೇಗೆ?

ಹುಬ್ಬಳ್ಳಿ ಹಿರೇಮನಿ

ಅಕ್ಕಾರ, ನಿಮ್ಮ ಗೆಳತಿ ತಿಳಕೊಂಡದ್ದು ತಪ್ಪಲ್ರಿ. ಭ್ರಷ್ಟ ಅಂದ್ರ ಭ್ರಷ್ಟನ. ಗ್ರಾವ್ ಸರ್ಕಾರದಾಗ 17 ಕೋಟಿ 40 ಲಕ್ಷ ಪೆಸೊ ನುಂಗ್ಯಾರಂತ ಕೇಸ್ ಬಿದ್ದಿತ್ತು. ಆಗ ಒಂದು ಪೆಸೊಕ್ಕ ಒಂದು ಡಾಲರ್, ಲೆಕ್ಕಾ ನೀವ ಹಾಕ್ರಿ. ಆ ಸರ್ಕಾರದಾಗ ಪ್ರಧಾನಿ ಯಾರು? ಇವನ. ಮುಂದ ಇವನ ಅಧ್ಯಕ್ಷ ಆದ ಮ್ಯಾಲೆ, 1950ರ ಜುಲೈದಾಗ, ಬಂದೂಕು ಹಿಡಿದವರು ಕೋರ್ಟಿಗೇ ನುಗ್ಗಿ ಆ ಕೇಸಿನ ಫೈಲು ಹೊತ್ಕೊಂಡು ಹೋದ್ರು. ಅಧ್ಯಕ್ಷರ ಮೂಗಿನ ಕೆಳಗ!

ಒಬ್ಬ ಸಹೋದರ ಆಂತೋನಿಯೊ, ಖಜಾನೆ ಮಂತ್ರಿ. ಇನ್ನೊಬ್ಬ ಪಾಕೊ, ಸೆನೆಟರ್. ಆಂತೋನಿಯೊನ್ನ 1950ರಾಗ ಹವಾನಾ ಮೇಯರ್ ಚುನಾವಣೆಗೆ ನಿಲ್ಲಿಸಿದ್ರು, ಜನ ಸೋಲಿಸಿ ಕಳಿಸಿದ್ರು. ಬೀದಿಯೊಳಗ ಪಿಸ್ತೂಲಿನ ಗ್ಯಾಂಗುಗಳು ಒಬ್ಬರನ್ನೊಬ್ಬರು ಕೊಲ್ಲತಿದ್ವು. ಅವರನ್ನ ಜೈಲಿಗೆ ಹಾಕೋದು ಬಿಟ್ಟು ಸರ್ಕಾರಿ ನೌಕರಿ ಕೊಟ್ಟು ಸುಮ್ಮನಿರಿಸಿದ. ಕೆಲಸ ಇಲ್ಲದ ಪಗಾರಕ್ಕ ಕ್ಯೂಬಾದ ಮಂದಿ ಇಟ್ಟ ಹೆಸರು "ಬೊತೆಯ್ಯಾ", ಅಂದ್ರ ಬಾಟಲಿ. ಕೂಸಿನ ಬಾಯಿಗೆ ಬಾಟಲಿ ಇಟ್ಟಂಗ ಅಂತ ನಾ ತಿಳ್ಕೊಂಡೀನಿ, ಬ್ಯಾರೆ ಅರ್ಥ ಇದ್ದರ ಹೇಳ್ರಿ.

ಕೆಂಪುಮಣ್ಣು

ಹಿರೇಮನಿಯವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಪ್ರೀಯೊ ಕಾರ್ಮಿಕ ಮಂತ್ರಿಯಾಗಿದ್ದಾಗ ಕಾರ್ಮಿಕ ಒಕ್ಕೂಟದಿಂದ ಕಮ್ಯುನಿಸ್ಟರನ್ನು ಬಲವಂತವಾಗಿ ಹೊರಹಾಕಿದರು. ಸಕ್ಕರೆ ಕಾರ್ಮಿಕರ ನಾಯಕ ಹೆಸೂಸ್ ಮೆನೆಂದೆಸ್‌ನನ್ನು ಸೇನೆಯ ಒಬ್ಬ ಕ್ಯಾಪ್ಟನ್ 1948ರ ಜನವರಿಯಲ್ಲಿ ಮನ್ಸನಿಯೊ ಪಟ್ಟಣದ ರೈಲು ನಿಲ್ದಾಣದಲ್ಲಿ ಗುಂಡಿಕ್ಕಿ ಕೊಂದ. ಆಗಲೂ ಕಾರ್ಮಿಕ ಖಾತೆ ಇದೇ ಪ್ರೀಯೊನದು. ಮಯಾಮಿಯಲ್ಲಿ ಕೂತು ಪ್ರಜಾಪ್ರಭುತ್ವದ ಬಗ್ಗೆ ಮಾತಾಡಿದವರ ಹಳೆಯ ಖಾತೆಪುಸ್ತಕವನ್ನೂ ತೆರೆದು ನೋಡಬೇಕು.

ಹಾಳೆಹುಳು ಸುಮಾ

ಹಿರೇಮನಿ ಸರ್, ಕೆಂಪುಮಣ್ಣು ಅವರೇ, ಯಾವುದನ್ನೂ ಅಲ್ಲಗಳೆಯುವುದಿಲ್ಲ. ಆದರೆ ಅದೇ ಪುಸ್ತಕದ ಎದುರು ಪುಟದಲ್ಲಿ ಇನ್ನೊಂದಿಷ್ಟು ಬರೆದಿದೆ. ಸ್ವತಂತ್ರವಾಗಿ ಸುಮಾರು ಐವತ್ತು ವರ್ಷ ಕಳೆದರೂ ಕ್ಯೂಬಾಕ್ಕೆ ತನ್ನದೊಂದು ಕೇಂದ್ರ ಬ್ಯಾಂಕ್ ಇರಲಿಲ್ಲ. ಅದಕ್ಕೆ ಕಾನೂನು ಮಾಡಿ, 1950ರಲ್ಲಿ ಬಾಗಿಲು ತೆರೆಸಿ, ಫೆಲಿಪೆ ಪಾಸೋಸ್ ಎಂಬ ಒಳ್ಳೆಯ ಅರ್ಥಶಾಸ್ತ್ರಜ್ಞನನ್ನು ಕೂರಿಸಿದವನು ಪ್ರೀಯೊ. ಕೃಷಿ ಮತ್ತು ಕೈಗಾರಿಕೆಗೆ ಸಾಲ ಕೊಡುವ ಬ್ಯಾಂಕು, ಸರ್ಕಾರದ ಲೆಕ್ಕ ಪರಿಶೀಲಿಸುವ ನ್ಯಾಯಮಂಡಳಿ, ಇವೂ ಅವನ ಕಾಲದವೇ. ಕಳ್ಳತನದ ಆರೋಪ ಹೊತ್ತ ಸರ್ಕಾರವೇ ಲೆಕ್ಕ ಕೇಳುವ ಸಂಸ್ಥೆಯನ್ನೂ ಕಟ್ಟಿತು, ಇದನ್ನು ಎಲ್ಲಿ ಇಡಬೇಕೋ ನನಗೆ ಗೊತ್ತಾಗುತ್ತಿಲ್ಲ.

ಇನ್ನೊಂದು. ಅವನನ್ನು ದಿನಬೆಳಗಾದರೆ ಬೈಯುತ್ತಿದ್ದ ಪತ್ರಿಕೆಗಳು ದಿನಬೆಳಗಾದರೆ ಮಾರಾಟವಾಗುತ್ತಿದ್ದವು. "ಎಲ್ ಪ್ರೆಸಿದೆಂತೆ ಕೊರ್ದಿಯಾಲ್" ಎನ್ನುತ್ತಿದ್ದರು ಅವನನ್ನು, ಸ್ನೇಹದ ಮನುಷ್ಯ ಅಂತ. ನಗುನಗುತ್ತಾ ಎಲ್ಲರ ಜೊತೆ ಬೆರೆಯುವವ. ಚೆನ್ನಾಗಿ ಬೈದವರಲ್ಲಿ ಎಡ್ಡಿ ಚಿಬಾಸ್ ಮೊದಲಿಗ. ಪ್ರೀಯೊನ ಹಳೆಯ ಗೆಳೆಯ, ವಿದ್ಯಾರ್ಥಿ ಕಾಲದ ಒಡನಾಡಿ, 1947ರಲ್ಲಿ ಸಿಡಿದು ಒರ್ತೊದೊಕ್ಸೊ ಪಕ್ಷ ಕಟ್ಟಿದವ. ಗುರುತು ಪೊರಕೆ, ಘೋಷಣೆ "ದುಡ್ಡಿಗೆದುರು ಮಾನ". ಪ್ರತಿ ಭಾನುವಾರ ರಾತ್ರಿ ರೇಡಿಯೊದಲ್ಲಿ ಅವನ ಮಾತಿಗೆ ಇಡೀ ದೇಶ ಕಿವಿಕೊಡುತ್ತಿತ್ತು. 1951ರಲ್ಲಿ ಶಿಕ್ಷಣ ಮಂತ್ರಿಗೆ ಗ್ವಾಟೆಮಾಲಾದಲ್ಲಿ ಆಸ್ತಿಯಿದೆ ಎಂದುಬಿಟ್ಟ. ಸಾಕ್ಷಿ ತೋರಿಸು ಅಂದರು, ತೋರಿಸಲಾಗಲಿಲ್ಲ. ಆಗಸ್ಟ್ 5ರ ಪ್ರಸಾರದ ಕೊನೆಗೆ ತನಗೆ ತಾನೇ ಗುಂಡು ಹಾರಿಸಿಕೊಂಡ, ಹನ್ನೊಂದು ದಿನ ಬಿಟ್ಟು ತೀರಿಕೊಂಡ. ಆ ಸಾವು ಪ್ರೀಯೊ ಸರ್ಕಾರದ ಮೇಲಿದ್ದ ಅಷ್ಟಿಷ್ಟು ನಂಬಿಕೆಯನ್ನೂ ಒಯ್ದುಬಿಟ್ಟಿತು.

ಕಡಲತಡಿಯವರೇ, ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲಿದೆ ಅನ್ನಿಸುತ್ತದೆ. ಗೇಟು ದಾಟುವ ಮೊದಲೇ ಸರ್ಕಾರ ಅರ್ಧ ಹೋಗಿಯಾಗಿತ್ತು.

ಕಡಲತಡಿಯವ

ಅದು ಸರಿ ಮೇಡಂ. ಆದರೂ ಆ ದಿನ ಯಾರೂ ಎದುರು ನಿಲ್ಲಲಿಲ್ಲವಾ? ಒಬ್ಬನೂ ಇಲ್ಲವಾ?

ಹಾಳೆಹುಳು ಸುಮಾ

ನಿಲ್ಲುತ್ತೇವೆ ಅಂದವರು ವಿದ್ಯಾರ್ಥಿಗಳು. ಬೆಳಿಗ್ಗೆ ಅರಮನೆಗೆ ಹೋಗಿ, ಬಂದೂಕು ಕೊಡಿ, ವಿಶ್ವವಿದ್ಯಾಲಯದ ಗುಡ್ಡದ ಮೇಲೆ ನಿಂತು ಹೋರಾಡುತ್ತೇವೆ ಅಂದರು. ಕಳಿಸುತ್ತೇನೆ ಅಂದ ಪ್ರೀಯೊ. ಹುಡುಗರು ಮೆಟ್ಟಿಲ ಮೇಲೆ ಕಾದರು, ಬಂದೂಕು ಬರಲಿಲ್ಲ. ಪ್ರೀಯೊ ಅರಮನೆ ಬಿಟ್ಟು ಮತಾನ್ಸಾಸ್ ಕಡೆ ಕಾರಿನಲ್ಲಿ ಹೊರಟ, ಅಲ್ಲಿನ ಪಡೆ ತನ್ನ ಕಡೆಗಿದೆ ಎಂಬ ಆಸೆಯಿಂದ. ಅದೂ ಬತಿಸ್ತಾನ ಕೈಗೆ ಹೋಗಿತ್ತು. ತಿರುಗಿ ಹವಾನಾಕ್ಕೆ ಬಂದು ರಾಯಭಾರ ಕಚೇರಿ ಹೊಕ್ಕ.

ತನ್ನ ಜೀವ ಉಳಿಸಿಕೊಂಡ ಅನ್ನಬಹುದು, ಹುಡುಗರ ಜೀವ ಉಳಿಸಿದ ಅಂತಲೂ ಅನ್ನಬಹುದು. ನಾನು ಮೊದಲನೆಯದರ ಕಡೆ. ಹತ್ತೊಂಬತ್ತು ವರ್ಷದ ಹಿಂದೆ ಅವನೂ ಇಂಥದೇ ಹುಡುಗನಾಗಿದ್ದ, ಅವನಿಗೆ ಆ ಮೆಟ್ಟಿಲು ಗೊತ್ತಿತ್ತು.

ತುಂಟ ತುಮಕೂರು

ಇದೆಲ್ಲ ನಮ್ಮ ರಾಜಕೀಯದ ಥರಾನೇ ಇದೆಯಲ್ಲ ಅಕ್ಕ. ರೆಸಾರ್ಟ್ ಒಂದು ಕಮ್ಮಿ.

ನಿವೃತ್ತ ಮೇಷ್ಟ್ರು

ತಮ್ಮಾ, ಎಲ್ಲ ದೇಶವನ್ನೂ ನಮ್ಮ ಜಗಲಿಗೆ ಎಳೆದು ತರಬೇಡ. ಅಲ್ಲಿಯದನ್ನು ಅಲ್ಲಿಯೇ ಇಟ್ಟು ನೋಡೋಣ.

ಸುಮಾ ಅವರ ಪದದ ಪ್ರಶ್ನೆಗೆ ಬರುತ್ತೇನೆ. ಭ್ರಷ್ಟ ಅಂದರೆ ಮೂಲದಲ್ಲಿ ಜಾರಿದ, ಕೆಳಗೆ ಬಿದ್ದ ಎಂದು. ಅಪಭ್ರಂಶ ಎನ್ನುತ್ತೇವಲ್ಲ, ಅದೇ ಧಾತು. ಯೋಗಭ್ರಷ್ಟ ಅಂದರೆ ಯೋಗದಿಂದ ಜಾರಿದವ, ಪದಭ್ರಷ್ಟ ಅಂದರೆ ಪದವಿಯಿಂದ ಬಿದ್ದವ. ನಳನೂ ಹರಿಶ್ಚಂದ್ರನೂ ರಾಜ್ಯಭ್ರಷ್ಟರೇ, ಅವರು ಲಂಚ ತಿಂದಿರಲಿಲ್ಲ. ಲಂಚಕ್ಕೂ ಭ್ರಷ್ಟತೆಗೂ ಗಂಟು ಬಿದ್ದದ್ದು ಪತ್ರಿಕೆಗಳ ಭಾಷೆಯಲ್ಲಿ, ಈಗ ಆ ಅರ್ಥವೇ ಮನೆಯ ಯಜಮಾನ ಆಗಿ ಕೂತಿದೆ.

ಗಡೀಪಾರು ಎಂದು ಹಾಕಿದರೆ ಯಾರೋ ಆದೇಶ ಹೊರಡಿಸಿ ಗಡಿ ದಾಟಿಸಿರಬೇಕು. ಕೇಳಿದವರಿಗೆ ರೌಡಿಪಟ್ಟಿ ನೆನಪಾಗುತ್ತದೆ. ವನವಾಸ ಅನ್ನೋಣವೆಂದರೆ ಅದಕ್ಕೆ ಅವಧಿಯುಂಟು, ಹದಿನಾಲ್ಕು ವರ್ಷ ಅಂದರೆ ಹದಿನಾಲ್ಕೇ. ಲೆಕ್ಕ ಮುಗಿದ ಮೇಲೆ ಪಾದುಕೆ ಕಾಯುತ್ತಿರುತ್ತವೆ. ನಿಮ್ಮ ಪ್ರೀಯೊನಿಗೆ ಪಾದುಕೆ ಇಟ್ಟು ಕಾದವರು ಯಾರಾದರೂ ಇದ್ದರೋ?

ಹಾಳೆಹುಳು ಸುಮಾ

ಮೇಷ್ಟ್ರೇ, ಪಾದುಕೆಯ ಮಾತು ಎತ್ತಿದ್ದು ಒಳ್ಳೆಯದಾಯಿತು. ಅವನು ತನ್ನ ಪಾದುಕೆಯನ್ನು ತಾನೇ ಇನ್ನೊಬ್ಬನಿಗೆ ಕೊಂಡುಕೊಟ್ಟ ಕಥೆಯಿದೆ.

1952ರ ಆರಂಭದಲ್ಲಿ, ಬತಿಸ್ತಾ ಅಧಿಕಾರ ಕಸಿಯುವುದಕ್ಕೆ ಕೆಲವೇ ವಾರ ಮುಂಚೆ, ಫಿದೆಲ್ ಕ್ಯಾಸ್ಟ್ರೊ ಎಂಬ ಇಪ್ಪತ್ತೈದರ ವಕೀಲ 'ಅಲೆರ್ತಾ' ಪತ್ರಿಕೆಯಲ್ಲಿ ಪ್ರೀಯೊನ ತೋಟಗಳ ಬಗ್ಗೆ ಬರೆದ. ಅಧ್ಯಕ್ಷ ಎಷ್ಟು ಜಮೀನು ಮಾಡಿಕೊಂಡಿದ್ದಾನೆ, ಅಲ್ಲಿ ಸೈನಿಕರನ್ನು ಕೂಲಿಗೆ ಹೇಗೆ ದುಡಿಸುತ್ತಿದ್ದಾನೆ, ಎಲ್ಲ ಪಟ್ಟಿ ಮಾಡಿ. ಆಗ ಅವನು ಒರ್ತೊದೊಕ್ಸೊ ಪಕ್ಷದಿಂದ ಸಂಸತ್ತಿಗೆ ಅಭ್ಯರ್ಥಿ. ನಾಲ್ಕು ವರ್ಷದ ಮೇಲೆ ಇಬ್ಬರೂ ದೇಶದ ಹೊರಗೆ. ಮೆಕ್ಸಿಕೊದಲ್ಲಿದ್ದ ಫಿದೆಲ್ ಬಳಿ ಹುಡುಗರಿದ್ದರು, ದುಡ್ಡಿರಲಿಲ್ಲ. ಮಯಾಮಿಯಲ್ಲಿದ್ದ ಪ್ರೀಯೊ ಬಳಿ ದುಡ್ಡಿತ್ತು. 1956ರ ಸೆಪ್ಟೆಂಬರಿನಲ್ಲಿ ಅಮೆರಿಕದ ವೀಸಾ ಇಲ್ಲದ ಫಿದೆಲ್ ರಿಯೊ ಗ್ರಾಂದೆ ನದಿ ಈಜಿ ದಾಟಿ, ಟೆಕ್ಸಾಸ್‌ನ ಮೆಕ್ಯಾಲೆನ್ ಪಟ್ಟಣದ ಹೋಟೆಲಿನಲ್ಲಿ ಅವನನ್ನು ಕಂಡ ಎಂದು ಹೇಳುತ್ತಾರೆ. ಸಾಮಾನ್ಯವಾಗಿ ಹೇಳುವ ಮೊತ್ತ 50,000 ಡಾಲರ್, ಅದಕ್ಕಿಂತ ಹೆಚ್ಚು ಅನ್ನುವವರೂ ಇದ್ದಾರೆ. ಆ ಶರತ್ಕಾಲದಲ್ಲೇ 'ಗ್ರಾನ್ಮಾ' ದೋಣಿ ಕೊಂಡದ್ದು. ನವೆಂಬರ್ 25ರಂದು 82 ಜನ ಹತ್ತಿ ತುಕ್ಸ್‌ಪಾನ್‌ನಿಂದ ಹೊರಟರು.

ಕಳ್ಳ ಎಂದು ಬರೆದವನು ಕೈಯೊಡ್ಡಿದ, ಬೈಸಿಕೊಂಡವನು ಕೊಟ್ಟ. ಬತಿಸ್ತಾನನ್ನು ಯಾರಾದರೂ ಇಳಿಸಲಿ, ಆಮೇಲೆ ಜನ ನನ್ನನ್ನೇ ಕರೆಯುತ್ತಾರೆ ಎಂದು ಪ್ರೀಯೊ ಎಣಿಸಿದ್ದ ಅಂತ ನನ್ನ ಊಹೆ.

ಹುಬ್ಬಳ್ಳಿ ಹಿರೇಮನಿ

ಅಕ್ಕಾರ, ಆ 50,000 ಯಾರ ರೊಕ್ಕರೀ? ಕ್ಯೂಬಾದ ಸಾಲಿ ಮಾಸ್ತರರ ಪಗಾರ ಇರಬೇಕು ಅದು! ಹಿಂದಿನ ಗ್ರಾವ್ ಸರ್ಕಾರದ ಶಿಕ್ಷಣ ಮಂತ್ರಿ ಅಲೆಮಾನ್ ಅಂತ ಒಬ್ಬಾವ ಮಯಾಮಿಯೊಳಗ ಭೂಮಿ ತಗೊಂಡ, ಬೇಸ್‌ಬಾಲ್ ಸ್ಟೇಡಿಯಮ್ಮ ಕಟ್ಟಿಸಿದ. ಶಿಕ್ಷಣ ಮಂತ್ರಿ! 1949ರಾಗ ಶುರು ಆತು ಅದು. ಗಡಿ ದಾಟೂದಕ್ಕ ಮೊದಲು ಇವರ ರೊಕ್ಕ ಗಡಿ ದಾಟಿತ್ತು.

ಆದರ ಕಳ್ಳ ರೊಕ್ಕ ಕ್ರಾಂತಿಗೆ ಹೋತು ಅನ್ನೂದು ಮಾತ್ರ ಮಜಾ ಐತಿ.

ಕೆಂಪುಮಣ್ಣು

ಆ ಭೇಟಿ ಫಿದೆಲ್‌ಗೆ ನುಂಗಲಾರದ ತುತ್ತಾಗಿತ್ತು ಎಂದು ಜೊತೆಗಿದ್ದವರು ಹೇಳಿದ್ದುಂಟು. ದುಡ್ಡು ಪಡೆದರೂ ಅಡಿಯಾಳಾಗಲಿಲ್ಲ ಎಂಬುದನ್ನು ಗಮನಿಸಿ. 1957ರ ಕೊನೆಗೆ ಮಯಾಮಿಯಲ್ಲಿ ಪ್ರೀಯೊ ಮೊದಲಾದವರು ಸೇರಿ ವಿಮೋಚನಾ ಮಂಡಳಿ ಮಾಡಿಕೊಂಡರು. ಸಿಯೆರ್ರಾ ಮಾಯೆಸ್ತ್ರಾ ಬೆಟ್ಟದಲ್ಲಿದ್ದ ಫಿದೆಲ್ ಡಿಸೆಂಬರಿನಲ್ಲಿ ಪತ್ರ ಬರೆದು ಅದನ್ನು ಒಪ್ಪಲಿಲ್ಲ. ಕಾಡಿನಲ್ಲಿ ಗುಂಡು ತಿನ್ನುವವರು ಒಬ್ಬರು, ಹೋಟೆಲಿನಲ್ಲಿ ಸಹಿ ಹಾಕುವವರು ಇನ್ನೊಬ್ಬರು. ಫಿದೆಲ್ ಒಪ್ಪದೆ ಇದ್ದದ್ದರಲ್ಲಿ ನ್ಯಾಯವಿತ್ತು.

ಹಾಳೆಹುಳು ಸುಮಾ

ಅರ್ಧ ನ್ಯಾಯ. ಪ್ರೀಯೊನ ಕಡೆಯವರೂ ಸತ್ತರು. 1956ರ ಏಪ್ರಿಲ್ 29ರಂದು ಮತಾನ್ಸಾಸ್‌ನ ಗೊಯ್ಕುರಿಯಾ ಸೇನಾ ವಸತಿಯ ಮೇಲೆ ದಾಳಿ ಮಾಡಿದವರು ಆಥೆಂತಿಕೊ ಹುಡುಗರು. ಹಿಂದಿನ ವರ್ಷದ ಕ್ಷಮಾದಾನದ ಮೇಲೆ ಊರಿಗೆ ಬಂದಿದ್ದ ಪ್ರೀಯೊನನ್ನು ಬತಿಸ್ತಾ ಎರಡನೇ ಸಲ ಹೊರಗಟ್ಟಿದ್ದು ಆ ದಾಳಿಯ ನಂತರ. 1957ರ ಮೇ ತಿಂಗಳಲ್ಲಿ ಮಯಾಮಿಯಿಂದ 'ಕೊರಿಂತಿಯಾ' ಎಂಬ ದೋಣಿ ಹೊರಟಿತು, ಪ್ರೀಯೊನ ದುಡ್ಡಿನಲ್ಲಿ. ಕ್ಯೂಬಾದ ಪೂರ್ವಕ್ಕಿರುವ ಓರಿಯೆಂತೆ ಪ್ರಾಂತ್ಯದ ಉತ್ತರ ಕರಾವಳಿಯಲ್ಲಿ ಇಳಿದವರಲ್ಲಿ ಹೆಚ್ಚಿನವರನ್ನು ಸೆರೆಹಿಡಿದು ಕೊಂದರು. ಗ್ರಾನ್ಮಾ ಹೆಸರು ಇವತ್ತು ಕ್ಯೂಬಾದ ದಿನಪತ್ರಿಕೆಗೆ ಇದೆ, ಒಂದು ಪ್ರಾಂತ್ಯಕ್ಕೂ ಇದೆ. ಕೊರಿಂತಿಯಾ ಎಂದರೆ ಯಾರಿಗೆ ಗೊತ್ತು?

ಅಮೆರಿಕವೂ ಅವನನ್ನು ಮಡಿಲಲ್ಲಿ ಕೂರಿಸಿಕೊಂಡಿರಲಿಲ್ಲ. ನಮ್ಮ ನೆಲದಿಂದ ಬೇರೆ ದೇಶದ ಮೇಲೆ ಯುದ್ಧ ಹೂಡುತ್ತಿದ್ದೀಯ ಎಂದು ತಟಸ್ಥತೆ ಕಾಯ್ದೆಯಡಿ ಆ ದಶಕದಲ್ಲಿ ಒಂದಕ್ಕಿಂತ ಹೆಚ್ಚು ಸಲ ಕೋರ್ಟಿಗೆ ಎಳೆಯಿತು.

ಫ್ಲಾರಿಡಾದಲ್ಲೊಬ್ಬ

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಹನ್ನೊಂದು ವರ್ಷದಿಂದ ಮಯಾಮಿಯಲ್ಲಿದ್ದೇನೆ. ಪ್ರೀಯೊ ಹೆಸರು ನನಗೆ ಮೊದಲು ಸಿಕ್ಕಿದ್ದು ಸ್ಮಶಾನದಲ್ಲಿ. ಆಫೀಸಿನ ಕ್ಯೂಬನ್ ಸಹೋದ್ಯೋಗಿಯ ತಾಯಿ ತೀರಿಕೊಂಡಾಗ ವುಡ್‌ಲಾನ್ ಪಾರ್ಕ್ ಸ್ಮಶಾನಕ್ಕೆ ಹೋಗಿದ್ದೆ. ಎಂಟನೇ ಬೀದಿಯಲ್ಲಿದೆ, ಇಲ್ಲಿನವರ ಬಾಯಲ್ಲಿ "ಕಾಯೆ ಓಚೊ". ಅಲ್ಲಿ ಕ್ಯೂಬಾ ಬಾವುಟದ ಬಣ್ಣ ಹೊತ್ತ ಒಂದು ಗೋರಿ ಕಣ್ಣಿಗೆ ಬಿತ್ತು. ಯಾರದು ಅಂದರೆ, "ಡಾಕ್ಟರ್ ಪ್ರೀಯೊ, ನಮ್ಮ ಅಧ್ಯಕ್ಷರು" ಅಂದ. ನಮ್ಮ ಅಧ್ಯಕ್ಷರು! ಹೇಳಿದವನು ಹುಟ್ಟಿದ್ದು ನ್ಯೂಜೆರ್ಸಿಯಲ್ಲಿ. ಕ್ಯೂಬಾವನ್ನು ಕಣ್ಣಿಂದ ಕಂಡವನಲ್ಲ.

ಸುಮಾ ಅವರು ಮಚಾದೊ ಹೆಸರು ಎತ್ತಿದ್ದರಿಂದ ಇದನ್ನು ಹೇಳಲೇಬೇಕು. 1933ರಲ್ಲಿ ಪ್ರೀಯೊ ಮತ್ತು ಗೆಳೆಯರು ಓಡಿಸಿದ ಆ ಮಚಾದೊ 1939ರಲ್ಲಿ ಮಯಾಮಿ ಬೀಚಿನಲ್ಲಿ ಸತ್ತ. ಅವನೂ ಇದೇ ವುಡ್‌ಲಾನ್ ಪಾರ್ಕಿನಲ್ಲಿದ್ದಾನೆ.

ಕಡಲತಡಿಯವ

ಅಯ್ಯೋ ದೇವರೇ. ಓಡಿಸಿದವನೂ ಓಡಿದವನೂ ಒಂದೇ ಕಂಪೌಂಡಿನ ಒಳಗಾ?

ಫ್ಲಾರಿಡಾದಲ್ಲೊಬ್ಬ

ಒಂದೇ ಕಂಪೌಂಡು. ನಿಕರಾಗುವಾ ಆಳಿದ ಸೊಮೋಸಾ ಮನೆತನದ ಕೊನೆಯ ಸರ್ವಾಧಿಕಾರಿ ಕೂಡ ಅಲ್ಲೇ. ಬತಿಸ್ತಾ ಒಬ್ಬ ತಪ್ಪಿಸಿಕೊಂಡ, ಅವನು 1973ರಲ್ಲಿ ಸ್ಪೇನಿನಲ್ಲಿ ಸತ್ತ, ಗೋರಿ ಮ್ಯಾಡ್ರಿಡ್‌ನಲ್ಲಿ.

ಸ್ಮಶಾನದಿಂದ ನಾಲ್ಕು ಹೆಜ್ಜೆ ಹಾಕಿದರೆ ವರ್ಸೈ ಹೋಟೆಲು, 1971ರದ್ದು. ಅದರ ಪಕ್ಕದಲ್ಲಿ ಕಾಫಿಗೊಂದು ಕಿಟಕಿ, "ವೆಂತಾನೀತಾ" ಅಂತಾರೆ. ನಮ್ಮ ದರ್ಶಿನಿಯ ಹಾಗೆ ನಿಂತೇ ಕುಡಿಯಬೇಕು. ಬೆರಳುದ್ದದ ಲೋಟದಲ್ಲಿ ಕಾಫಿ, ಡಿಕಾಕ್ಷನ್‌ಗೆ ಸಕ್ಕರೆ ಕಲಸಿ ನೊರೆ ಬರಿಸಿದ್ದು. ಅಲ್ಲಿ ನಿಂತ ಅಜ್ಜಂದಿರು ಜಗಳ ಆಡುವುದು 1952ರ ಬಗ್ಗೆ, 1961ರ ಬಗ್ಗೆ. ಕ್ರಿಸ್‌ಮಸ್ ಹಿಂದಿನ ರಾತ್ರಿ ಲೋಟ ಎತ್ತುವಾಗ "ಬರುವ ವರ್ಷ ಕ್ಯೂಬಾದಲ್ಲಿ" ಅನ್ನುವ ವಾಡಿಕೆ ಬಹಳ ಮನೆಗಳಲ್ಲಿತ್ತು. ಸಹೋದ್ಯೋಗಿ ಹೇಳುತ್ತಿದ್ದ, ಅಪ್ಪ ಅದನ್ನು ಹೇಳುವುದು ನಿಲ್ಲಿಸಿದ ವರ್ಷ ಮನೆಯಲ್ಲಿ ಯಾರೂ ಆ ಬಗ್ಗೆ ಮಾತೆತ್ತಲಿಲ್ಲವಂತೆ.

ನನ್ನ ಮಟ್ಟಿಗೆ ಇಲ್ಲಿಯವರು ಹೇಳುವ "ಎಹ್ಸೀಲಿಯೊ", ಅಂದರೆ ದೇಶಭ್ರಷ್ಟರ ಬದುಕು, ಅದು. ನಾನೂ ಹೊರದೇಶದಲ್ಲಿದ್ದೇನೆ, ಬೇಕೆಂದಾಗ ಟಿಕೆಟ್ ತೆಗೆದರೆ ಮಾರನೇ ದಿನ ಅರಸೀಕೆರೆಯಲ್ಲಿ ಇರುತ್ತೇನೆ. ನನ್ನದನ್ನೂ ಅವರದನ್ನೂ ಒಂದೇ ಹೆಸರಿನಿಂದ ಕರೆಯಲು ಬಾಯಿ ಬರುವುದಿಲ್ಲ.

ತುಂಟ ತುಮಕೂರು

ಆದರೆ ಅವನು ಸತ್ತಿದ್ದು ಹೇಗೆ ಅನ್ನೋದನ್ನ ಯಾರೂ ಹೇಳ್ತಿಲ್ಲವಲ್ಲ? ಕೆನಡಿ ಕೊಲೆಗೂ ಇವನಿಗೂ ಏನೋ ಇದೆ ಅಂತ ಒಂದು ವಿಡಿಯೊದಲ್ಲಿ ನೋಡಿದ್ದೆ. ಸುಪಾರಿ ಗಿಪಾರಿ ಎಲ್ಲ.

ಹಾಳೆಹುಳು ಸುಮಾ

ತಮ್ಮಾ, ಅದನ್ನು ನಾನು ಬೇಕೆಂದೇ ಕೊನೆಗಿಟ್ಟಿದ್ದೆ. 1977ರ ಏಪ್ರಿಲ್ 5ರಂದು ಮಯಾಮಿ ಬೀಚಿನಲ್ಲಿ ಗುಂಡೇಟಿನಿಂದ ಸತ್ತ, 73 ವರ್ಷ. ಆತ್ಮಹತ್ಯೆ ಎಂದು ದಾಖಲಾಯಿತು. ಆಗ ಕೆನಡಿ ಹತ್ಯೆಯನ್ನು ಮರುತನಿಖೆ ಮಾಡುತ್ತಿದ್ದ ಅಮೆರಿಕ ಸಂಸತ್ತಿನ ಸಮಿತಿ ಅವನನ್ನೂ ವಿಚಾರಿಸಬೇಕೆಂದಿತ್ತು. ಮಯಾಮಿಯ ಕ್ಯೂಬನ್ ರಾಜಕೀಯದಲ್ಲಿ ಅವನಿಗೆ ಗೊತ್ತಿಲ್ಲದವರು ಕಡಿಮೆ, ಕೇಳುವುದು ಸಹಜ. ಕೇಳಬೇಕೆಂದಿದ್ದರು ಅನ್ನುವುದಕ್ಕೂ ಅವನೇ ಮಾಡಿಸಿದ ಅನ್ನುವುದಕ್ಕೂ ನಡುವೆ ಸಮುದ್ರವಿದೆ. ವಿಡಿಯೊ ಮಾಡುವವರು ಅದನ್ನು ಒಂದೇ ನೆಗೆತಕ್ಕೆ ದಾಟುತ್ತಾರೆ.

ನನ್ನನ್ನು ಹೆಚ್ಚು ಕಾಡಿದ್ದು ಅದರ ಹಿಂದಿನ ಹದಿನಾರು ವರ್ಷ. 1959ರ ಜನವರಿಯಲ್ಲಿ ಬತಿಸ್ತಾ ಓಡಿದ, ಹೊರಟದ್ದು ಅದೇ ಕೊಲಂಬಿಯಾ ದಂಡಿನ ವಿಮಾನಪಟ್ಟಿಯಿಂದ. ಅದೇ ತಿಂಗಳು ಪ್ರೀಯೊ ಹವಾನಾಕ್ಕೆ ಬಂದ. ಜನವರಿ 8ರಂದು ಫಿದೆಲ್ ಭಾಷಣ ಮಾಡಿದ್ದು ಎಲ್ಲಿ? ಕೊಲಂಬಿಯಾ ದಂಡಿನಲ್ಲಿ! ಹೊಸ ಸರ್ಕಾರ ಪ್ರೀಯೊಗೆ ಹುದ್ದೆ ಕೊಡಲಿಲ್ಲ, ಸಲಹೆಯನ್ನೂ ಕೇಳಲಿಲ್ಲ. ಚುನಾವಣೆ ಬರುತ್ತದೆ ಎಂದು ಕಾದ. ಬರಲಿಲ್ಲ. 1961ರ ಶುರುವಿನಲ್ಲಿ ಹೊರಟುಬಿಟ್ಟ. ಅದೇ ಏಪ್ರಿಲಿನಲ್ಲಿ ಅಮೆರಿಕ ಕ್ಯೂಬಾದ ಮೇಲೆ ಬೇ ಆಫ್ ಪಿಗ್ಸ್ ದಾಳಿ ಮಾಡಿಸಿದಾಗ ಮುಂದಿಟ್ಟುಕೊಂಡ ದೇಶಭ್ರಷ್ಟರ ಮಂಡಳಿಯ ತಲೆಯಲ್ಲಿದ್ದವನು ಮಿರೊ ಕಾರ್ದೊನಾ, ಫಿದೆಲ್ ಸರ್ಕಾರದ ಮೊದಲ ಪ್ರಧಾನಿ. ಪ್ರೀಯೊಗೆ ಪ್ರಧಾನಿಯಾಗಿದ್ದ ತೋನಿ ವರೋನಾಗೂ ಅದರಲ್ಲಿ ಜಾಗ ಸಿಕ್ಕಿತು. ಪ್ರೀಯೊಗೆ ಸಿಗಲಿಲ್ಲ. ದೇಶ ಕಳಕೊಂಡವರ ಸಾಲಿನಲ್ಲೂ ಹಿಂದೆ ನಿಲ್ಲಿಸಿದರು.

ಕೆಂಪುಮಣ್ಣು

ಆ ಸಾಲಿನಲ್ಲಿ ನನಗೆ ಗೌರವ ಇರುವುದು ಬೇರೆ ಇಬ್ಬರ ಮೇಲೆ. 1959ರ ಅಧ್ಯಕ್ಷ ಮನುಯೆಲ್ ಉರ್ರೂತಿಯಾ, ನ್ಯಾಯಾಧೀಶನಾಗಿದ್ದಾಗ ಬತಿಸ್ತಾನ ಕಾಲದಲ್ಲೇ ಬಂಡಾಯಗಾರರ ಪರ ಭಿನ್ನ ತೀರ್ಪು ಕೊಟ್ಟವನು. ಅಮೆರಿಕ ಸೇರಿದ ಮೇಲೆ ನ್ಯೂಯಾರ್ಕಿನ ಕ್ವೀನ್ಸ್ ಕಾಲೇಜಿನಲ್ಲಿ ಸ್ಪ್ಯಾನಿಷ್ ಪಾಠ ಹೇಳಿ ಬದುಕಿದ. ಇನ್ನೊಬ್ಬ ಉಬೆರ್ ಮಾತೋಸ್. ಫಿದೆಲ್ ಜೊತೆ ಕಾದಾಡಿದ ಶಾಲಾ ಮೇಷ್ಟ್ರು, ಭಿನ್ನಾಭಿಪ್ರಾಯಕ್ಕೆ ರಾಜೀನಾಮೆ ಕೊಟ್ಟದ್ದಕ್ಕೆ 1959ರಿಂದ 1979ರವರೆಗೆ ಪೂರಾ ಇಪ್ಪತ್ತು ವರ್ಷ ಜೈಲು. ನಾನು ಕ್ರಾಂತಿಯ ಕಡೆಯವನು, ಆದರೂ ಆ ಇಪ್ಪತ್ತು ವರ್ಷವನ್ನು ಸಮರ್ಥಿಸಲಾರೆ. 2014ರಲ್ಲಿ ಮಯಾಮಿಯಲ್ಲಿ ತೀರಿಕೊಂಡ. ಹೂಳಿದ್ದು ಕೋಸ್ಟ ರಿಕಾದಲ್ಲಿ. ಬೆಟ್ಟದ ಹೋರಾಟಕ್ಕೆ 1958ರಲ್ಲಿ ಅವನು ವಿಮಾನದಲ್ಲಿ ಬಂದೂಕು ಒಯ್ದಿದ್ದು ಅಲ್ಲಿಂದ.

ಇವರಿಬ್ಬರ ಪಕ್ಕ ಪ್ರೀಯೊನನ್ನು ನಿಲ್ಲಿಸಿ ನೋಡಿ ಮೇಡಂ.

ಹಾಳೆಹುಳು ಸುಮಾ

ನಿಲ್ಲಿಸಿ ನೋಡಿದ್ದೇನೆ. ಗೌರವ ಅವರಿಬ್ಬರಿಗೇ ಹೋಗುತ್ತದೆ, ಒಪ್ಪಿದೆ. ಆದರೆ ನನಗೆ ನಿದ್ದೆ ಬಿಡಿಸಿದವನು ಪ್ರೀಯೊ. ಅವರು ತಪ್ಪು ಮಾಡದೆ ಶಿಕ್ಷೆ ಉಂಡರು, ಅವರ ಬಗ್ಗೆ ಬರೆಯುವುದು ಸುಲಭ. ಇವನು ತಪ್ಪು ಮಾಡಿದ್ದ, ಅದಕ್ಕಾಗಿ ಮತದಾರರು ಜೂನ್ 1ಕ್ಕೆ ಅವನ ಪಕ್ಷಕ್ಕೆ ಶಿಕ್ಷೆ ಕೊಡಲಿದ್ದರು. ಅವನೇ ಮತ್ತೆ ನಿಲ್ಲುವಂತಿರಲಿಲ್ಲ, 1940ರ ಸಂವಿಧಾನ ಬಿಡುತ್ತಿರಲಿಲ್ಲ. ಸೋತು ಅಕ್ಟೋಬರಿನಲ್ಲಿ ಮನೆಗೆ ಹೋಗಬೇಕಿತ್ತು, ಹವಾನಾದ ಮನೆಗೆ. ಆ ಶಿಕ್ಷೆ ಕೊಡುವ ಹಕ್ಕನ್ನೇ ಬತಿಸ್ತಾ ಜನರ ಕೈಯಿಂದ ಕಿತ್ತುಕೊಂಡ. ಹಿರೇಮನಿ ಸರ್ ಹೇಳುವ 17 ಕೋಟಿಯ ವಿಚಾರಣೆ ಆಮೇಲೆ ಎಲ್ಲಿ ನಡೆಯಿತು? ಆ ಕೇಸು ಹಾಕಿದ ಸೆನೆಟರ್ ಪೆಲಾಯೊ ಕುಯೆರ್ವೊನನ್ನು 1957ರಲ್ಲಿ ಕೊಂದವರು ಬತಿಸ್ತಾನ ಕಡೆಯವರು.

ಇತಿಹಾಸಕಾರ ಶ್ಲೆಸಿಂಜರ್‌ನ ಮುಂದೆ ಪ್ರೀಯೊ ಒಮ್ಮೆ ಹೇಳಿದನಂತೆ: ನಾನು ಕೆಟ್ಟ ಅಧ್ಯಕ್ಷ ಅಂತಾರೆ, ಇರಬಹುದು, ಆದರೆ ಕ್ಯೂಬಾಕ್ಕೆ ಸಿಕ್ಕವರಲ್ಲಿ ನಾನೇ ವಾಸಿ. ಮೊದಲ ಸಲ ಓದಿದಾಗ ನಕ್ಕಿದ್ದೆ.

ಹುಬ್ಬಳ್ಳಿ ಹಿರೇಮನಿ

ಕುಯೆರ್ವೊನ ಸಂಗತಿ ನನಗ ಗೊತ್ತಿರಲಿಲ್ಲರಿ. ಬ್ಯಾಂಕಿನ ಮಾತೂ ಒಪ್ಪಿದೆ. ಆದರ ಕಳ್ಳ ಅನ್ನೂದು ಬಿಡಂಗಿಲ್ಲ. ಕಳ್ಳ ಖರೆ, ಓಟಿನಿಂದ ಇಳಿಸಬೇಕಿದ್ದ ಕಳ್ಳ. ಇಷ್ಟ ಬರಕೋರಿ ನಿಮ್ಮ ಟಿಪ್ಪಣಿಯೊಳಗ.

ನಿವೃತ್ತ ಮೇಷ್ಟ್ರು

ಹಾಗಾದರೆ ಪದ ಬದಲಿಸಬೇಡಿ ಸುಮಾ. ದೇಶಭ್ರಷ್ಟ ಎಂದೇ ಇರಲಿ. ನಿಮ್ಮ ಗೆಳತಿಗೆ ಎರಡೂ ಅರ್ಥ ಕೇಳಿಸಿದ್ದರೆ ಅವರ ಕಿವಿ ಸರಿಯಾಗಿದೆ. ಒಂದು ತಿದ್ದುಪಡಿ ಮಾತ್ರ: ಹೆಸರನ್ನು ಒಂದು ಕಡೆ ಪ್ರಿಯೊ, ಇನ್ನೊಂದು ಕಡೆ ಪ್ರೀಯೊ ಎಂದು ಟಿಪ್ಪಣಿಯಲ್ಲಿ ಬರೆದಿದ್ದೀರಿ. ಯಾವುದು?

ಫ್ಲಾರಿಡಾದಲ್ಲೊಬ್ಬ

ಇಲ್ಲಿಯವರು "ಪ್ರೀ" ಎಳೆದೇ ಹೇಳುತ್ತಾರೆ ಮೇಷ್ಟ್ರೇ. ಪ್ರೀಯೊ ಸರಿ.

ಸುಮಾ ಅವರೇ, ಈ ಭಾನುವಾರ ಕಾಯೆ ಓಚೊ ಕಡೆ ಹೋಗುವುದಿದೆ. ಕಾಫಿ ಕುಡಿದು ವುಡ್‌ಲಾನ್ ಒಳಗೆ ಒಂದು ಸುತ್ತು ಹಾಕಿ ಬರುತ್ತೇನೆ. ಪ್ರೀಯೊ ಗೋರಿಯಿಂದ ಮಚಾದೊ ಇರುವ ಜಾಗಕ್ಕೆ ಎಷ್ಟು ಹೆಜ್ಜೆ ಅಂತ ಎಣಿಸಿ ಇಲ್ಲೇ ಬರೆಯುತ್ತೇನೆ. ಮಳೆ ಬರದಿದ್ದರೆ.